ಗಟ್ಟಿಯಾಗಿ ಓದಪ್ಪಾ

ಮೇಲೂರು
9 ಜನವರಿ 2025

ಚಿ. ಸೌ. ಕವಿತಳಿಗೆ,

ಕಾಗದದ ಮೊದಲಿಗೆ ಕ್ಷೇಮ ಎಂದು ಬರೆಯುವುದು ವಾಡಿಕೆ. ರೇಷ್ಮೆ ಹುಳುಗಳು ಕ್ಷೇಮ, ಹಸು ಕ್ಷೇಮ, ನಿನ್ನ ಅಣ್ಣ ಚಲಪತಿ, ಅವನ ಹೆಂಡತಿ ಕ್ಷೇಮ. ನನಗೆ ಮಾತ್ರ ಕೋಪ ಬಂದಿದೆ.

ಮೊನ್ನೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಫೋನು ಬಂತು. ಯಾರೋ ಹುಡುಗ.

“ಕವಿತಾ ಅವ್ರ ತಾಯಿನಾ?”

“ಹೌದು. ನೀನ್ಯಾರಪ್ಪ?”

“ಕ್ರೆಡಿಟ್ ಕಾರ್ಡ್ ಕಡೆಯಿಂದ. ನಿಮ್ ಮಗಳು ಈ ತಿಂಗಳ ದುಡ್ಡು ಕಟ್ಟಿಲ್ಲ. ಫೋನ್ ಎತ್ತಲ್ಲ. ಮರ್ಯಾದಸ್ಥರ ಮನೆಯೋರು ಹಿಂಗ್ ಮಾಡ್ತಾರಾ? ನೀವಾದ್ರೂ ಬುದ್ಧಿ ಹೇಳ್ಬಾರ್ದಾ?”

“ಹೇಳಣ. ಮೊದ್ಲು ನಿಮ್ಮಮ್ಮನ ನಂಬರ್ ಕೊಡಪ್ಪ.”

“ಅವ್ರ ನಂಬರ್ ಯಾಕೆ?”

“ದೊಡ್ಡೋರ ಹತ್ರ ಹೆಂಗ್ ಮಾತಾಡ್ಬೇಕು ಅಂತ ನಿಂಗೆ ಹೇಳ್ಕೊಟ್ಟಿಲ್ವಲ್ಲ, ಆಯಮ್ಮಂಗೂ ಎರಡು ಮಾತು ಹೇಳಣ ಅಂತ.”

ಇಟ್ಟುಬಿಟ್ಟ. ನಾನು ಫೋನಿನಿಂದ ಸಿಮ್ಮು ತೆಗೆಸಿ ಮೆಂತ್ಯದ ಡಬ್ಬಿಯಲ್ಲಿ ಹಾಕಿದ್ದೇನೆ. ಇನ್ನು ನಿನ್ನ ಮಾತೇನಿದ್ದರೂ ಕಾಗದದಲ್ಲಿ ಬರಲಿ. ಬಾಯಿ ಸುಳ್ಳು ಹೇಳುವಷ್ಟು ಬೇಗ ಕೈ ಸುಳ್ಳು ಬರೆಯುವುದಿಲ್ಲ.

ನಿನ್ನ ತಂದೆ ಹೋದ ಮೇಲೆ ಗೂಡಿನ ರೇಟು ಬಿದ್ದ ವರ್ಷಗಳು ಬಂದವು, ಹುಳು ಕೈಕೊಟ್ಟ ವರ್ಷಗಳೂ ಬಂದವು. ನಾನು ಯಾರ ಜಗಲಿಯ ಮೇಲೂ ಕೂತು ಕೈ ಚಾಚಲಿಲ್ಲ. ಈಗ ಯಾವನೋ ಮೀಸೆ ಮೂಡದವನು ನನ್ನ ಮನೆಯ ಮರ್ಯಾದೆ ಕೇಳುತ್ತಾನೆ. ಎಷ್ಟು ಸಾಲ, ಯಾತಕ್ಕೆ ಸಾಲ? ಬರೆ.

ಇನ್ನೊಂದು ವಿಷಯ. ನಿನ್ನ ಸೋದರಮಾವ ನರಸಿಂಹಮೂರ್ತಿಯ ಮಗಳು ಸೌಜನ್ಯಳ ಮದುವೆ ಮೇ ತಿಂಗಳಲ್ಲಿ, ಚಿಂತಾಮಣಿಯಲ್ಲಿ. ನಿನ್ನ ಮದುವೆಗೆ ಅವರು ಜೋಡಿ ಬೆಳ್ಳಿ ದೀಪ ಓದಿಸಿದ್ದರು. ಮೈಕಿನಲ್ಲಿ ಅದನ್ನು ಓದಿದಾಗ ಊಟಕ್ಕೆ ಕೂತವರೂ ತಿರುಗಿ ನೋಡಿದ್ದರು. ನಮ್ಮ ಕಡೆ ಮುಯ್ಯಿಯನ್ನು ಮುಷ್ಟಿಯಲ್ಲಿ ಮುಚ್ಚಿ ಕೊಡುವುದಿಲ್ಲ, ಹೆಸರು ಹೇಳಿ ಓದಿಸುತ್ತೇವೆ. ಬಂದದ್ದಕ್ಕಿಂತ ಒಂದು ಗುಂಜಿ ಹೆಚ್ಚಾಗಿಯೇ ವಾಪಸು ಹೋಗಬೇಕು. ಇದು ನಾನು ಈ ಮನೆಗೆ ಕಾಲಿಟ್ಟ ದಿನದಿಂದ ತಪ್ಪಿಸದ ನೇಮ. ಜೋಡಿ ದೀಪ ನೀನು ತರಬೇಕು. ತೂಕ ಕಡಿಮೆಯಾಗಬಾರದು.

ಆಶೀರ್ವಾದ, ಕೋಪದ ಸಮೇತ,
ಆದಿಲಕ್ಷ್ಮಮ್ಮ


ಗೌರಿಬಿದನೂರು
17 ಜನವರಿ 2025

ಅಮ್ಮನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಶಾಲೆಯ ವಿಳಾಸಕ್ಕೆ ಹಾಕಿದ್ದು ಒಳ್ಳೆಯದಾಯಿತು. ನನ್ನಂಥ ಗುಮಾಸ್ತೆಯ ಮೇಜಿನ ಮೇಲೆ ಇನ್ನೊಂದು ಕಾಗದ ಇದ್ದರೆ ಯಾರೂ ಕೇಳುವುದಿಲ್ಲ. ಮನೆಗೆ ಬಂದಿದ್ದರೆ ಇವರು ಮೊದಲು ಓದಿಬಿಡುತ್ತಿದ್ದರು. ಇವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದೆ. “ನಿಮ್ಮಮ್ಮಂಗೆ ಮಾತ್ರ ಗೊತ್ತಾಗೋದ್ ಬೇಡ ಕಣೇ, ಬಸ್ ಹತ್ಕೊಂಡು ಬಂದ್ಬಿಡ್ತಾರೆ” ಎಂದು ಇವರೇ ಹೇಳುತ್ತಲೇ ಇದ್ದರು.

ಸಾಲ ಒಂದು ಲಕ್ಷದ ಅರವತ್ತೆರಡು ಸಾವಿರ.

ನಾನು ಅಷ್ಟು ಖರ್ಚು ಮಾಡಿಲ್ಲ ಅಮ್ಮ. ಕಾರ್ಡಿನವರು ಪ್ರತಿ ತಿಂಗಳು ಪೂರ್ತಿ ಬಾಕಿಯನ್ನೂ ತೋರಿಸುತ್ತಾರೆ, ಪಕ್ಕದಲ್ಲಿ ಇಷ್ಟು ಕಟ್ಟಿದರೂ ಸಾಕು ಎಂದು ಸಣ್ಣ ಮೊತ್ತವನ್ನೂ ತೋರಿಸುತ್ತಾರೆ. ನಾನು ಆ ಸಣ್ಣದನ್ನೇ ಕಟ್ಟುತ್ತಾ ಬಂದೆ. ಎಂಟು ಸಾವಿರ ಕಟ್ಟಿದರೆ ಆರು ಸಾವಿರಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ, ಅದರ ಮೇಲೆ ತೆರಿಗೆ ಬೇರೆ. ಈ ತಿಂಗಳು ಒಂದು ವಾರ ತಡವಾಯಿತು, ಆ ಹುಡುಗ ನಿನಗೆ ಫೋನು ಮಾಡಿದ. ಕಟ್ಟಿದ್ದೇನೆ.

ಈಗ ಒಂದು ದಾರಿ ಇದೆ. ಈ ಸಾಲವನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ವರ್ಗ ಮಾಡಿಸಬಹುದು. ಹೊಸ ಬ್ಯಾಂಕು ಹಳೆಯ ಬ್ಯಾಂಕಿಗೆ ಹಣ ಕಟ್ಟುತ್ತದೆ, ನಾನು ಹೊಸಬರಿಗೆ ಕಡಿಮೆ ಬಡ್ಡಿಯಲ್ಲಿ ತೀರಿಸುತ್ತೇನೆ. ಮೂರು ಕಾರ್ಡು ನೋಡಿದ್ದೇನೆ. ಒಂದರಲ್ಲಿ ಮೊದಲ ಮೂರು ತಿಂಗಳು ಬಡ್ಡಿಯೇ ಇಲ್ಲ. ಇನ್ನೊಂದರಲ್ಲಿ ಹದಿನೆಂಟು ತಿಂಗಳ ಕಂತು, ನೂರಕ್ಕೆ ಒಂದು ರೂಪಾಯಿ ಬಡ್ಡಿ, ವರ್ಗ ಮಾಡಲು ಮೊದಲೇ ಸ್ವಲ್ಪ ಶುಲ್ಕ. ಮೂರನೆಯದರ ಬಡ್ಡಿ ಇನ್ನೂ ಸರಿಯಾಗಿ ಹೇಳುತ್ತಿಲ್ಲ, ಆದರೆ ಚಕ್ರದ ಸೂಟ್‌ಕೇಸು ಉಚಿತವಂತೆ.

ಯಾತಕ್ಕೆ ಸಾಲ ಎಂದು ಕೇಳಿದ್ದೀಯ. ಅದನ್ನು ಬಿಟ್ಟುಬಿಡು.

ನಿನ್ನ ಮಗಳು,
ಕವಿತ


ಮೇಲೂರು
26 ಜನವರಿ 2025

ಚಿ. ಸೌ. ಕವಿತಳಿಗೆ,

ಸಾಲ ತೀರಿಸಲು ಸಾಲ ಮಾಡುತ್ತಾಳಂತೆ ನನ್ನ ಮಗಳು. ಈ ಮನೆಯ ಬೆಂಕಿಯನ್ನು ಆ ಮನೆಯ ಒಲೆಗೆ ಸಾಗಿಸಿದರೆ ಬೆಂಕಿ ಆರುತ್ತದೆಯೇ? ಗುಮಾಸ್ತೆ ಕೆಲಸದಲ್ಲಿ ಇಷ್ಟು ವರ್ಷ ಊರ ಮಕ್ಕಳ ಫೀಜು ಲೆಕ್ಕ ಮಾಡಿ ಕಲಿತದ್ದು ಇದೇ ಏನು?

ಸೂಟ್‌ಕೇಸಿನ ಕಾರ್ಡಿನ ಮಾತನ್ನು ಇನ್ನೊಮ್ಮೆ ಎತ್ತಬೇಡ. ಸಾಲ ಕೊಡುವವನು ಸೂಟ್‌ಕೇಸನ್ನೂ ಕೊಟ್ಟರೆ ಅವನು ನಿನ್ನನ್ನು ಊರು ಬಿಡಿಸಲು ಬಂದಿದ್ದಾನೆ ಎಂದೇ ಅರ್ಥ.

ನಿನಗೆ ಬೇರೆ ದಾರಿ ಇಲ್ಲವೆಂದರೆ ಆ ಬಡ್ಡಿ ಇಲ್ಲದ ಮೂರು ತಿಂಗಳದ್ದನ್ನು ತೆಗೆದುಕೋ. ಈ ಮನೆಯವಳು ಬಡ್ಡಿ ಕಟ್ಟುತ್ತಾಳೆ ಎನ್ನುವುದನ್ನು ನಾನು ಕೇಳಲಾರೆ. ಮೂರು ತಿಂಗಳೊಳಗೆ ನನ್ನ ಕಾಸಿನ ಸರ ಮಾರಿ ಪೂರ್ತಿ ಕಟ್ಟಿಬಿಡೋಣ. ಚಲಪತಿಗೆ ಹೇಳಿದೆ. “ಅಮ್ಮ, ಆ ಸರ ನಿಂಗೆ ಅಜ್ಜಿ ಹಾಕಿದ್ದು” ಎಂದ. “ಅಜ್ಜಿ ನನ್ ಕುತ್ಗೇಗ್ ಹಾಕಿದ್ದು, ನಿನ್ ಬಾಯಿಗಲ್ಲ” ಎಂದೆ.

ಇದರಲ್ಲಿ ಚರ್ಚೆಯಿಲ್ಲ. ಆದರೆ ಸರ ಮಾರುವ ಮೊದಲು ನನಗೆ ತಿಳಿಯಬೇಕು. ಯಾವುದಕ್ಕೆ ಖರ್ಚಾಯಿತು? ನಿನ್ನ ಮೈಮೇಲೆ ನಾನು ಒಂದು ಹೊಸ ಸೀರೆ ಕಾಣಲಿಲ್ಲ. ಮನೆಯಲ್ಲಿ ಅದೇ ಹಳೆಯ ಟಿ.ವಿ. ಅಳಿಯಂದಿರು ಕುಡಿಯುವವರಲ್ಲ. ಏನು ನುಂಗಿತು ಅಷ್ಟು ಹಣವನ್ನು? ಬಿಟ್ಟುಬಿಡು ಎಂದರೆ ಬಿಡುವವಳು ನಾನಲ್ಲ ಎಂದು ನಿನಗೆ ಗೊತ್ತು.

ಬೆಳ್ಳಿ ದೀಪದ ವಿಷಯಕ್ಕೆ ನೀನು ಉತ್ತರ ಬರೆದಿಲ್ಲ.

ಆದಿಲಕ್ಷ್ಮಮ್ಮ


ಗೌರಿಬಿದನೂರು
4 ಫೆಬ್ರವರಿ 2025

ಅಮ್ಮ,

ಸರ ಮಾರಕೂಡದು. ಮಾರಿದರೆ ಆ ದುಡ್ಡು ನನಗೆ ಬೇಡ, ಕಳಿಸಿದರೆ ವಾಪಸು ಬರುತ್ತದೆ. ಆ ಹುಡುಗನಿಗೆ ಹೆದರಿ ನಿನ್ನ ಕುತ್ತಿಗೆ ಬರಿದು ಮಾಡಿದೆ ಎಂದು ನಾನು ಬದುಕಿರುವವರೆಗೆ ಅನ್ನಿಸಿಕೊಳ್ಳಲು ಸಿದ್ಧಳಿಲ್ಲ. ಈ ಹಟ ನನಗೆ ಎಲ್ಲಿಂದ ಬಂತೆಂದು ಕೇಳಬೇಡ.

ಬಡ್ಡಿಯಿಲ್ಲದ ಮೂರು ತಿಂಗಳ ಕಾರ್ಡು ಬೇಡ. ಮೂರು ತಿಂಗಳಲ್ಲಿ ಅಷ್ಟು ಹಣ ನನ್ನಿಂದ ಆಗುವುದಿಲ್ಲ. ನಾಲ್ಕನೇ ತಿಂಗಳು ಬಡ್ಡಿ ಮತ್ತೆ ಮೊದಲಿನಷ್ಟೇ. ಹದಿನೆಂಟು ತಿಂಗಳದ್ದರಲ್ಲಿ ತಿಂಗಳಿಗೆ ಹತ್ತು ಸಾವಿರದ ಹತ್ತಿರ ಕಟ್ಟಬೇಕು. ಕಷ್ಟ, ಆದರೆ ಆಗುತ್ತದೆ. ಇವರು ಮೆಡಿಕಲ್ ಶಾಪಿನಲ್ಲಿ ಭಾನುವಾರವೂ ನಿಲ್ಲುತ್ತೇನೆ ಎಂದಿದ್ದಾರೆ. ಒಂದೇ ಒಂದು ಷರತ್ತು, ಅದೇ ದೊಡ್ಡದು. ಕಂತು ಮುಗಿಯುವವರೆಗೆ ಹೊಸ ಕಾರ್ಡಿನಲ್ಲಿ ಏನನ್ನೂ ಕೊಳ್ಳಬಾರದು. ಒಂದು ಪಿನ್ನು ಕೊಂಡರೂ ಕೊಂಡ ದಿನದಿಂದಲೇ ಮೂರೂವರೆ ರೂಪಾಯಿ ಬಡ್ಡಿ. ಒಂದು ಕಂತು ತಪ್ಪಿದರೆ ಕಡಿಮೆ ಬಡ್ಡಿಯೂ ಹೋಯಿತು.

ಯಾವುದಕ್ಕೆ ಎಂದು ಕೇಳಿದ್ದೀಯ. ಕೇಳು.

ನೀನು ಫೋನು ಮಾಡಿ “ಗೋದಮ್ಮತ್ತೆ ಮನೆ ಗೃಹಪ್ರವೇಶ, ನಿನ್ ಸೀಮಂತಕ್ಕೆ ಅವ್ರು ಬೆಳ್ಳಿ ಬಟ್ಲು ಕೊಟ್ಟಿದ್ರು, ತಟ್ಟೆಗೆ ಕಡ್ಮೆ ಆಗ್ಬಾರ್ದು” ಎಂದೆ. ನವಿಲಂಚಿನ ತಟ್ಟೆ, ನೆನಪಿದೆಯೇ? ಮೈಕಿನಲ್ಲಿ ಓದಿದಾಗ ನೀನು ನನ್ನ ಕೈ ಹಿಡಿದು ಅಮುಕಿದ್ದೆ. ಆಮೇಲೆ ಶಿಡ್ಲಘಟ್ಟದ ಮದುವೆಯ ಉಂಗುರ. ನಂದಿಯಲ್ಲಿ ಅಪ್ಪನ ಕಡೆಯ ದೊಡ್ಡಮ್ಮನ ಮೊಮ್ಮಗಳ ನಾಮಕರಣದ ಕಾಲ್ಗೆಜ್ಜೆ. ಪ್ರತಿಸಲವೂ ತಿಂಗಳ ಕೊನೆ, ಪ್ರತಿಸಲವೂ ನಾನು ಹೂಂ ಎಂದೆ. ನೀನು ಹೇಳಿದ್ದಕ್ಕೆ ಇಲ್ಲ ಎಂದವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಈಗ ಹೇಳುತ್ತಿದ್ದೇನೆ. ಇಲ್ಲ. ಬೆಳ್ಳಿ ದೀಪ ಇಲ್ಲ. ಮೈಕಿನ ಮುಂದೆ ಬರಿಗೈಯಲ್ಲಿ ನಿಲ್ಲಲು ನನ್ನಿಂದಾಗದು, ಅದಕ್ಕೆ ಸೌಜನ್ಯಳ ಮದುವೆಗೆ ಬರುವುದಿಲ್ಲ. ನನಗೆ ಪರೀಕ್ಷೆಯ ಕೆಲಸವಿದೆ ಎಂದು ಹೇಳು. ಏನು ಬೇಕಾದರೂ ಹೇಳು.

ಕವಿತ


ಮೇಲೂರು
20 ಮಾರ್ಚ್ 2025

ಚಿ. ಸೌ. ಕವಿತಳಿಗೆ,

ಕಾಗದ ಬರೆಯಲು ತಡವಾಯಿತು. ಹುಳು ಇತ್ತು.

ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ನಿನಗೆ ಗೊತ್ತಲ್ಲ, ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ತಲೆ ಎತ್ತಿ ಕದಲದೆ ಕೂರುತ್ತವೆ. ನೀನು ಚಿಕ್ಕವಳಿದ್ದಾಗ “ಹುಳು ದೇವರಿಗೆ ಕೈಮುಗೀತಾವೆ” ಎನ್ನುತ್ತಿದ್ದೆ. ಈ ಸಲ ಕೆಲವು ಮೊದಲೇ ಎದ್ದವು. ಚಲಪತಿಗೆ ತಡೆಯಲಿಲ್ಲ.

“ಎದ್ದಿರೋವ್ಕೆ ಹಸಿವಮ್ಮ, ಒಂದ್ ಹಿಡಿ ಹಾಕಣ.”

“ಎಲ್ಲಾ ಏಳೋ ತನ್ಕ ಒಂದೆಲೆ ಬೀಳ್ಬಾರ್ದು ಕಣೋ.”

“ನೋಡ್ದೋರು ಏನಂತಾರೆ? ಹುಳಕ್ಕೆ ಸೊಪ್ಪು ಹಾಕೋಕ್ ಗತಿಯಿಲ್ಲ ಅಂತಾರೆ.”

“ಅನ್ಲಿ. ಹುಳ ಅವ್ರದಾ, ನಮ್ದಾ?”

ಹುಳುವಿನ ತಟ್ಟೆಯ ಮುಂದೆ ನಿಂತು ಹಾಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಎಲ್ಲ ಎದ್ದ ಮೇಲೆ ಹಳೆಯ ಸೊಪ್ಪಿನ ಹಾಸಿಗೆಯಿಂದ ಎತ್ತಿ ಹೊಸ ಹಾಸಿಗೆಗೆ ಬಿಟ್ಟೆವು. ಗೂಡು ಚೆನ್ನಾಗಿ ಬಂದಿದೆ.

ಗೂಡನ್ನು ಮಾರುಕಟ್ಟೆಗೆ ಹಾಕಲು ಶಿಡ್ಲಘಟ್ಟಕ್ಕೆ ಹೋದಾಗ ಒಂದು ಬ್ಯಾಂಕಿನೊಳಗೆ ಹೋದೆ. ಮೇಜಿನ ಹಿಂದೆ ಒಬ್ಬ ಹುಡುಗಿ.

“ಅಜ್ಜಿ, ನಿಮಗೆ ಕ್ರೆಡಿಟ್ ಕಾರ್ಡ್ ಬೇಕಾ?” ಎಂದಳು, ನಗು ತಡೆದುಕೊಂಡು.

“ನಂಗ್ ಬೇಡಮ್ಮ. ಮೂರ್ ತಿಂಗಳು ಬಡ್ಡಿ ಇಲ್ಲ ಅಂತ ಕೊಡ್ತಾರಲ್ಲ, ಕೊಡೋನು ಧರ್ಮಾತ್ಮನಾ?”

ಅವಳು ಆ ಕಡೆ ಈ ಕಡೆ ನೋಡಿ, “ಅಜ್ಜಿ, ಅವ್ರು ನಾಲ್ಕನೇ ತಿಂಗಳಿಗೇ ಕಾಯ್ತಿರ್ತಾರೆ” ಎಂದಳು. ಒಳ್ಳೆಯ ಮನೆಯ ಹುಡುಗಿ. ಆಮೇಲೆ ನಾನೇ ಕೇಳಿದೆ: ವರ್ಗ ಮಾಡುವ ಶುಲ್ಕ ಒಂದೇ ಸಲವೋ, ಪ್ರತಿ ತಿಂಗಳೋ? ಬೇಗ ತೀರಿಸಿದರೆ ದಂಡ ಹಾಕುತ್ತಾರೋ? ಹಳೆಯ ಕಾರ್ಡು ತಾನಾಗಿ ಮುಚ್ಚುತ್ತದೆಯೋ, ನಾವೇ ಮುಚ್ಚಿಸಬೇಕೋ? ನಾವೇ ಬರೆದುಕೊಟ್ಟು ಮುಚ್ಚಿಸಬೇಕಂತೆ, ಇಲ್ಲವಾದರೆ ಅದು ಕೈಯಲ್ಲೇ ಇದ್ದು ಮತ್ತೆ ಕರೆಯುತ್ತದಂತೆ. ಈ ಮೂರನ್ನೂ ನೀನು ನಿನ್ನವರಿಗೆ ಕೇಳಿ, ಉತ್ತರವನ್ನು ಬಾಯಲ್ಲಲ್ಲ, ಬರಹದಲ್ಲಿ ತೆಗೆದುಕೋ.

ಹದಿನೆಂಟು ತಿಂಗಳದ್ದನ್ನೇ ಮಾಡಿಸು.

ಮದುವೆಗೆ ನೀನು ಬರುವುದು ಬೇಡ. ನಿನ್ನ ಹೆಸರಿನಲ್ಲಿ ಏನು ಓದಿಸಬೇಕೆನ್ನುವುದು ನನ್ನ ಜವಾಬ್ದಾರಿ. ಅದರ ಬಗ್ಗೆ ನೀನು ಮತ್ತೆ ಬರೆಯಕೂಡದು.

ಆದಿಲಕ್ಷ್ಮಮ್ಮ


ಗೌರಿಬಿದನೂರು
2 ಏಪ್ರಿಲ್ 2025

ಅಮ್ಮನಿಗೆ ನಮಸ್ಕಾರ.

ಸಾಲ ವರ್ಗವಾಯಿತು. ನೀನು ಹೇಳಿದ ಮೂರನ್ನೂ ಕೇಳಿದೆ. ಶುಲ್ಕ ಒಂದೇ ಸಲ. ಬೇಗ ತೀರಿಸಿದರೆ ಸ್ವಲ್ಪ ದಂಡವಿದೆ, ಆದ್ದರಿಂದ ಕಂತಿನಂತೆಯೇ ಹೋಗುತ್ತೇನೆ. ಹಳೆಯ ಕಾರ್ಡು ಮುಚ್ಚಿಸಲು ಬರೆದುಕೊಟ್ಟು, ಈಳಿಗೆಮಣೆಯಲ್ಲಿ ಅದನ್ನು ಎರಡು ತುಂಡು ಮಾಡಿದೆ. ಇವರು “ಪಲ್ಯಕ್ಕಾ, ಹುಳೀಗಾ?” ಎಂದರು. ತುಂಬ ದಿನಗಳ ಮೇಲೆ ನಕ್ಕೆವು.

ಬರೆಯಬೇಡ ಎಂದಿದ್ದೀಯ, ಆದರೂ ಬರೆಯುತ್ತೇನೆ. ನನ್ನ ಹೆಸರಿನಲ್ಲಿ ಓದಿಸುವುದು ನಿನ್ನ ಜವಾಬ್ದಾರಿ ಎನ್ನುತ್ತೀಯ. ಸರ ಮಾರಿ ದೀಪ ತರುತ್ತೀಯ ಎಂದು ನನಗೆ ಗೊತ್ತು. ತಂದರೆ ನಾನು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹೋಗಲಿಲ್ಲ, ಅಲ್ಲಿಂದ ನಿನ್ನ ಕುತ್ತಿಗೆಗೆ ಹೋದೆ ಎಂದಾಯಿತು. ಹದಿನೆಂಟು ತಿಂಗಳಲ್ಲ, ಹದಿನೆಂಟು ವರ್ಷವಾದರೂ ಆ ಸಾಲ ತೀರುವುದಿಲ್ಲ. ಆ ಮೇಲೆ ಗೋದಮ್ಮತ್ತೆಯ ಮನೆಯಲ್ಲಿ ಇನ್ನೊಂದು ಶುಭಕಾರ್ಯ ಬರುತ್ತದೆ, ನೀನು ಮತ್ತೆ ಹೇಳುತ್ತೀಯ, ನಾನು ಮತ್ತೆ ಹೂಂ ಎನ್ನುತ್ತೇನೆ.

ನನಗಾಗಿ ಏನೂ ಓದಿಸಬೇಡ. ನನ್ನ ಹೆಸರೇ ಎತ್ತಬೇಡ. ಕೈಮುಗಿದು ಕೇಳುತ್ತೇನೆ.

ಕವಿತ


ಮೇಲೂರು
14 ಮೇ 2025

ಚಿ. ಸೌ. ಕವಿತಳಿಗೆ,

ಭಾನುವಾರ ಮದುವೆ ಚೆನ್ನಾಗಿ ನಡೆಯಿತು. ಸೌಜನ್ಯ ಲಕ್ಷಣವಾಗಿದ್ದಳು. ಗಂಡು ಸ್ವಲ್ಪ ಕುಳ್ಳ, ಆದರೆ ಗುಣವಂತನಂತೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು.

ನಾನು ಸರ ಹಾಕಿಕೊಂಡು ಹೋಗಿದ್ದೆ. ಎಲ್ಲರಿಗೂ ಕಾಣುವಂತೆ, ಸೆರಗಿನ ಮೇಲೆ.

ಧಾರೆ ಮುಗಿದ ಮೇಲೆ ಮುಯ್ಯಿ ಓದಲು ಮೋಹನ್‌ಬಾಬು ಮೈಕು ಹಿಡಿದು ಕೂತ. ನಿನ್ನ ಸೋದರಮಾವನ ಭಾಮೈದ, ಕೆಮ್ಮಿದರೂ ಮೈಕಿನಲ್ಲೇ ಕೆಮ್ಮುವವನು. ಸಾಲಿನಲ್ಲಿ ನನ್ನ ಹಿಂದೆ ಗೋದಮ್ಮ. ಅವಳ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ, ಒಂದು ಮೂಲೆ ಹರಿದಿತ್ತು. ನನ್ನ ಚೀಲ ಮುಟ್ಟಿ ನೋಡಿದಳು.

“ಏನಮ್ಮೋ ಆದಿಲಕ್ಷ್ಮಮ್ಮ, ಚೀಲ ಇಷ್ಟು ಹಗುರ? ಈ ಸಲ ಬೆಳ್ಳಿ ಬಿಟ್ಟು ಬಂಗಾರಕ್ಕೇ ಕೈ ಹಾಕ್ದಂಗೈತೆ.”

“ಕೇಳ್ಸುತ್ತೆ ಇರು” ಎಂದೆ.

ನನ್ನ ಸರದಿ ಬಂತು. ಚೀಲದಿಂದ ಒಂದು ತೆಂಗಿನಕಾಯಿ, ಎಲೆ ಅಡಿಕೆ, ನೂರಾ ಒಂದು ರೂಪಾಯಿ ತೆಗೆದು ತಟ್ಟೆಯಲ್ಲಿಟ್ಟೆ. ಮೋಹನ್‌ಬಾಬು ತಟ್ಟೆ ನೋಡಿದ, ನನ್ನ ಚೀಲ ನೋಡಿದ, ಮೈಕಿನ ಮೇಲೆ ಕೈ ಮುಚ್ಚಿದ.

“ಅಕ್ಕ, ಇನ್ನೊಂದು ಪೊಟ್ಟಣ ಮರ್ತ್ ಬಂದ್ರಾ? ತರ್ಸಣಾ?”

“ಮರೆತಿಲ್ಲ. ಇರೋದಿಷ್ಟೇ. ಓದು.”

“ಆಮೇಲೆ ಬರ್ಕೊತೀನಿ ಬಿಡಿ, ಓದೋದೇನ್ ಬೇಡ.”

“ನಲವತ್ತು ವರ್ಷ ನನ್ ಮುಯ್ಯಿ ಓದ್ಸಿದೀನಿ. ಇವತ್ತು ಯಾಕ್ ಬೇಡ? ಗಟ್ಟಿಯಾಗಿ ಓದಪ್ಪಾ. ನನ್ನೊಬ್ಬಳ ಹೆಸರಲ್ಲ. ಜೊತೆಗೆ ಮಗಳು ಕವಿತ ಅಂತಾನೂ ಓದು.”

ಅವನು ಓದಿದ. ಊಟದ ಹಾಲಿನವರೆಗೆ ಕೇಳಿಸಿತು. “ಮೇಲೂರು ಆದಿಲಕ್ಷ್ಮಮ್ಮನವರು, ಮಗಳು ಕವಿತ ಅವರು, ಇವರಿಂದ ವಧೂವರರಿಗೆ ತೆಂಗಿನಕಾಯಿ, ತಾಂಬೂಲ, ನೂರಾ ಒಂದು ರೂಪಾಯಿ.” ನಿನ್ನ ಹೆಸರು ಎತ್ತಬೇಡ ಎಂದು ನೀನು ಬರೆದಿದ್ದೆ. ನನ್ನ ಮಗಳ ಹೆಸರನ್ನು ಮುಚ್ಚಿಡಲು ಅದೇನು ಕದ್ದು ತಂದದ್ದಲ್ಲ.

ಛತ್ರ ತಿರುಗಿ ನೋಡಿತು. ಹಿಂದೆ ಬೆಳ್ಳಿ ದೀಪಕ್ಕೆ ನೋಡಿದಂತೆಯೇ. ನಾನು ಆಗಲೂ ತಲೆ ತಗ್ಗಿಸಿರಲಿಲ್ಲ, ಈಗಲೂ ತಗ್ಗಿಸಲಿಲ್ಲ. ನರಸಿಂಹಮೂರ್ತಿಯ ಹೆಂಡತಿ ರಾಮಲಕ್ಷ್ಮಮ್ಮ, ಸಿಟ್ಟು ಬಂದರೆ ತೆಲುಗಿಗೆ ಇಳಿಯುವವಳು, “ಏಮಿ ವದಿನಾ ಇದಿ?”, ಏನತ್ತಿಗೆ ಇದು, ಎನ್ನುತ್ತಾ ಬಂದಳು. ಅವಳ ಹಿಂದೆ ನನ್ನ ತಮ್ಮ.

“ಅಕ್ಕ, ನಾಲ್ಕ್ ಜನದ ಮುಂದೆ ನನ್ ಮಾನ ತೆಗೆದ್ಬಿಟ್ಯಲ್ಲಕ್ಕ.”

“ನಿನ್ ಮಾನ ನಿನ್ ಮಗಳು ಕಣೋ. ಆಯಮ್ಮ ಹಸೆಮೇಲೆ ಕೂತವ್ಳೆ, ಚೆನ್ನಾಗವ್ಳೆ. ದೀಪ ಬೇಕಾ? ನೀನು ಕವಿತಂಗೆ ಕೊಟ್ಟಿದ್ದ ಜೋಡಿ ದೀಪ ನಮ್ ಮನೆ ಬೀರೂನಲ್ಲೇ ಐತೆ, ಒಂದಿನಾನೂ ಹಚ್ಚಿಲ್ಲ. ನಾಳೆ ಚಲಪತಿ ಕೈಲಿ ಕಳಿಸ್ತೀನಿ, ತಗೋ. ಬೇಡ ಅಂದ್ರೆ ಇವತ್ತಿಗೆ ಮುಗೀತು. ಇನ್ಮೇಲೆ ನಮ್ ಮನೆ ಮುಯ್ಯಿ ಇಷ್ಟೇ. ನಮ್ಗೆ ಬರೋದೂ ಇಷ್ಟೇ ಇರ್ಲಿ. ಒಂದ್ ರೂಪಾಯಿ ಜಾಸ್ತಿ ತಂದ್ರೆ ವಾಪಸ್ ಕಳಿಸ್ತೀನಿ.”

ಅವನು ಮುಖ ತಿರುಗಿಸಿಯೇ, “ಊಟ ಮಾಡ್ಕೊಂಡ್ ಹೋಗಕ್ಕ” ಎಂದ. ದೀಪ ಕಳಿಸು ಎನ್ನಲಿಲ್ಲ. ಸಿಟ್ಟಿದೆ, ಇರಲಿ. ದೀಪಾವಳಿಯ ಹೊತ್ತಿಗೆ ಇಳಿಯುತ್ತದೆ, ಇಳಿಯದಿದ್ದರೆ ಅವನಿಗೆ ಅಕ್ಕ ಒಬ್ಬಳೇ, ಅವನೇ ಯೋಚಿಸಲಿ.

ಈಗ ಮುಖ್ಯವಾದದ್ದು. ನನ್ನ ಹಿಂದೆ ಗೋದಮ್ಮನ ಸರದಿ. ಅವಳು ಪೊಟ್ಟಣ ಎತ್ತಿ ಕೊಡಲಿಲ್ಲ. ಎದೆಗೆ ಅವುಚಿಕೊಂಡು ನಿಂತಳು. ಹರಿದ ಮೂಲೆಯಲ್ಲಿ ನನಗೆ ನವಿಲು ಕಾಣಿಸಿತು. ಅದೇ ತಟ್ಟೆ ಕಣೇ. ನೀನು ಕೊಟ್ಟದ್ದು. ನೀನು ಅಲ್ಲಿ ಅದರ ಕಂತು ಕಟ್ಟುತ್ತಿದ್ದೀಯ, ಅದು ಆಗಲೇ ಮೂರನೇ ಮನೆಗೆ ಹೊರಟು ನಿಂತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಗೋದಮ್ಮನಿಗೆ ಗೊತ್ತಾಯಿತು. ಪೊಟ್ಟಣವನ್ನು ಚೀಲಕ್ಕೆ ತುರುಕಿ, ಸೊಂಟದಿಂದ ಪರ್ಸು ತೆಗೆದಳು.

“ನಂದೂ ನೂರಾ ಒಂದೇ ಬರ್ಕೊಳಪ್ಪ ಮೋಹನ್‌ಬಾಬು” ಎಂದಳು. ಆಮೇಲೆ ನನ್ನ ಕಿವಿಯಲ್ಲಿ, “ಇದನ್ನ ಮೊದ್ಲೇ ಮಾಡ್ಬಾರ್ದಾಗಿತ್ತೇನಮ್ಮ? ನನ್ ಸೊಸೆ ಎರಡು ಬಳೆ ಅಡ ಇಟ್ಟವ್ಳೆ.”

ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು. ಹೋಳಿಗೆ ಎರಡು ಸಲ ಹಾಕಿಸಿಕೊಂಡೆವು.

ನೀನು ಕಂತು ತಪ್ಪಿಸಬೇಡ. ಕಷ್ಟವಾದ ತಿಂಗಳು ಬರೆ. ನಾನು ಹಣ ಕಳಿಸುವುದಿಲ್ಲ, ಹೆದರಬೇಡ. ಅಕ್ಕಿ, ರಾಗಿ, ಮನೆಯ ತುಪ್ಪ ಕಳಿಸುತ್ತೇನೆ. ಅದಕ್ಕೆ ಮುಯ್ಯಿ ಇಲ್ಲ. ಮಗಳ ಮನೆಗೆ ಹೋದದ್ದನ್ನು ಯಾರೂ ಮೈಕಿನಲ್ಲಿ ಓದುವುದಿಲ್ಲ.

ಮೆಂತ್ಯದ ಡಬ್ಬಿಯಿಂದ ಸಿಮ್ಮು ತೆಗೆದು ಚಲಪತಿಯಿಂದ ಹಾಕಿಸಿದ್ದೇನೆ. ಫೋನು ಈಗ ಒಗ್ಗರಣೆಯ ವಾಸನೆ ಹೊಡೆಯುತ್ತದೆ, ಆದರೆ ಕೇಳಿಸುತ್ತದೆ. ಹೊಸ ಬ್ಯಾಂಕಿನವರು ಮನೆಯವರ ನಂಬರು ಕೇಳಿದರೆ ನನ್ನದನ್ನೇ ಕೊಡು. ಯಾವ ಹುಡುಗ ಬೇಕಾದರೂ ಮಾಡಲಿ, ನಾನೇ ಎತ್ತುತ್ತೇನೆ.

ನಿನ್ನ ತಾಯಿ,
ಆದಿಲಕ್ಷ್ಮಮ್ಮ